ಸಾಂಬಾರ ಡಬ್ಬಿಯೋ, ಚೆನ್ನೆಮಣೆಯೋ: ಮಳೆಗಾಲದ ಆಟದ ಮೇಜಿನಲ್ಲೊಂದು ಹೋಲಿಕೆ

ಜುಲೈ ಎರಡನೇ ವಾರ ಮರ ಬಿದ್ದು ತಂತಿ ಹರಿದು ನಮ್ಮ ಕಡೆ ಮೂರು ದಿನ ಕರೆಂಟು ಇರಲಿಲ್ಲ. ಇನ್ವರ್ಟರ್ ಎರಡನೇ ಸಂಜೆಗೇ ಕೈಚೆಲ್ಲಿತು. ಮೇಣದಬತ್ತಿ ಹಚ್ಚಿಕೊಂಡು ವಿಂಗ್‌ಸ್ಪ್ಯಾನ್ ಎಂಬ ಹಕ್ಕಿ ಕಾರ್ಡುಗಳ ಮೇಜಿನಾಟ ಆಡುತ್ತಿದ್ದೆವು. ಅತ್ತೆಯವರ ಗೂಬೆ ಬೇಟೆಗೆ ಹೊರಟಿತ್ತು. ಕಟ್ಟಿನಿಂದ ಒಂದು ಹಕ್ಕಿಯ ಕಾರ್ಡ್ ತೆಗೆದು ನೋಡಬೇಕು, ಅದರ ರೆಕ್ಕೆಯಗಲ 75 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬೇಟೆ ಸಿಕ್ಕಿತು, ಒಂದು ಅಂಕ. ಅತ್ತೆ ಕಾರ್ಡನ್ನು ಬತ್ತಿಯ ಹತ್ತಿರ ಹಿಡಿದು, "ಎಂಬತ್ತೆಂಟು. ಸಿಗಲಿಲ್ಲ" ಎಂದು ಕೆಳಗಿಟ್ಟರು. ಮಗಳು ಎತ್ತಿ ನೋಡಿದಳು. "ಅಜ್ಜಿ, ಅರವತ್ತೆಂಟು!" ಮತ್ತೊಮ್ಮೆ ನೋಡುವ ಗಡಿಬಿಡಿಯಲ್ಲಿ ಮೇಣದ ಹನಿಯೊಂದು ಹಕ್ಕಿಯ ಕೊಕ್ಕಿನ ಮೇಲೆಯೇ ಬಿತ್ತು.

ಆ ಹನಿಯಿಂದ ಶುರುವಾದ ಖರ್ಚಿನ ಲೆಕ್ಕ ಇದು. ಕಾರ್ಡ್ ಹಾಳಾಗಬಾರದು, ಎಪ್ಪತ್ತೊಂದರ ಕಣ್ಣಿಗೂ ಅಕ್ಷರ ಕಾಣಬೇಕು, ಬಿಲ್ಲೆಗಳು ಮೇಜಿನ ತುಂಬ ಹರಡಬಾರದು. ಮೂರಕ್ಕೂ ಏನೇನು ಸಿಗುತ್ತದೋ ತರಿಸಿ, ಕೆಲವನ್ನು ಮಾಡಿಸಿ, ಒಂದು ಮಳೆಗಾಲ ಪೂರ್ತಿ ಬಳಸಿ ನೋಡಿದೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಮನೆ ನಮ್ಮದು. ಇಲ್ಲಿ ಗೆದ್ದದ್ದು ಬಯಲುಸೀಮೆಯ ಒಣ ಮನೆಯಲ್ಲಿ ಗೆಲ್ಲಬೇಕೆಂದೇನೂ ಇಲ್ಲ.

ಮೊದಲು ಸ್ಲೀವ್‌ಗಳ, ಅಂದರೆ ಕಾರ್ಡಿಗೆ ತೊಡಿಸುವ ಪ್ಲಾಸ್ಟಿಕ್ ಹೊದಿಕೆಗಳ ವಿಷಯ. ನಾನು ಎಡವಿದ್ದೂ ಇಲ್ಲಿಯೇ. ಸ್ಲೀವ್ ಎಂದರೆ ಎಲ್ಲ ಒಂದೇ ಅಳತೆ ಎಂದುಕೊಂಡು 63.5 × 88 ಮಿಲಿಮೀಟರಿನದನ್ನು ತರಿಸಿದೆ. ವಿಂಗ್‌ಸ್ಪ್ಯಾನ್ ಕಾರ್ಡ್ 57 × 87. ಅಗಲದಲ್ಲಿ ಆರೂವರೆ ಮಿಲಿಮೀಟರ್ ಸಡಿಲ. ಅಣ್ಣನ ಅಂಗಿ ತೊಟ್ಟ ತಮ್ಮನಂತೆ ಕಾರ್ಡ್ ಒಳಗೇ ಅತ್ತಿತ್ತ ಓಲಾಡುತ್ತಿತ್ತು. ನಾವು ಆಡುವ ಇನ್ನೊಂದು ಮೇಜಿನಾಟ ಕ್ಯಾಟಾನಿನ ಕಾರ್ಡ್ ಇನ್ನೂ ಚಿಕ್ಕದು, 54 × 80. ಆದ್ದರಿಂದ ಮೊದಲು ಸ್ಕೇಲ್ ಹಿಡಿದು ಅಳೆಯಿರಿ, ಆಮೇಲೆ ಹಣ ಕೊಡಿ.

ಸರಿಯಾದ ಅಳತೆಯಲ್ಲಿ ಮೂರು ಬಗೆ ನೋಡಿದೆ. ತೆಳ್ಳಗಿನ ಅಗ್ಗದ್ದು, ನೂರು ಮೈಕ್ರಾನಿನ ದಪ್ಪದ್ದು, ಹೊಳಪಿಲ್ಲದ ಮ್ಯಾಟ್. ತೆಳ್ಳಗಿನದು ಎರಡು ವಾರದಲ್ಲಿ ಹೊಲಿಗೆಯಲ್ಲೇ ಬಿಟ್ಟುಕೊಂಡಿತು. ದಪ್ಪದ್ದು ಕೈಗೆ ಸೊಗಸು, ಕಲೆಸುವಾಗ ಜಾರುವ ಸುಖವೇ ಬೇರೆ. ಆದರೆ ಲೆಕ್ಕ ಹಾಕಿ ನೋಡಿ: ಮುಂದೊಂದು ಹಿಂದೊಂದು ಪದರ, ಕಾರ್ಡಿಗೆ 0.2 ಮಿಲಿಮೀಟರ್, ವಿಂಗ್‌ಸ್ಪ್ಯಾನಿನಲ್ಲಿ ಹಕ್ಕಿ ಕಾರ್ಡುಗಳೇ 170. ಕಟ್ಟು 3.4 ಸೆಂಟಿಮೀಟರ್ ಎತ್ತರ ಬೆಳೆಯಿತು, ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ಮುಚ್ಚಳ ಕೂರದ ಪೆಟ್ಟಿಗೆ ಮಳೆಗಾಲದಲ್ಲಿ ಏನಾಗುತ್ತದೆ ಎಂದು ಕೊಡಗಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಹೊಳಪು. ಕರೆಂಟು ಬಂದ ಮೇಲೆ ಮೇಜಿನ ಮೇಲೆ ಎಲ್‌ಇಡಿ ಉರಿಸಿ ಕುಳಿತರೆ ಪ್ರತಿ ಕಾರ್ಡಿನ ಮೇಲೂ ಒಂದೊಂದು ಬಲ್ಬು. ಅತ್ತೆ ಕಾರ್ಡನ್ನು ಆ ಕಡೆ ಈ ಕಡೆ ವಾಲಿಸಿ, "ಇದರಲ್ಲಿ ಹಕ್ಕಿಗಿಂತ ನಿಮ್ಮ ದೀಪವೇ ಚೆನ್ನಾಗಿ ಕಾಣುತ್ತದೆ" ಎಂದರು. ಮ್ಯಾಟ್ ಹಾಕಿದೆ. ಬಲ್ಬು ಹೋಯಿತು, ಅದರ ಜಾಗದಲ್ಲಿ ಮಂಜು ಬಂತು: ಕಾರ್ಡ್ ಪ್ಲಾಸ್ಟಿಕ್ಕಿಗೆ ಒತ್ತಿಕೊಂಡಿದ್ದ ಕಡೆ ಅಕ್ಷರ ಸ್ಪಷ್ಟ, ಕೂದಲೆಳೆಯಷ್ಟು ದೂರ ಸರಿದ ಕಡೆ ಮಬ್ಬು. ಹಕ್ಕಿಯ ಹೆಸರು ಓದಬಹುದು, ಕೆಳಗಿನ ಸಣ್ಣ ಅಕ್ಷರ ಓದಲಾಗದು. ಕಾರ್ಡ್ ಉಳಿಸಲು ಹಾಕಿದ ಹೊದಿಕೆ ಓದುವ ಕಣ್ಣಿಗೇ ಅಡ್ಡ ಬಂತು. ಈ ಮಾತನ್ನು ಮಾರುವವರು ಯಾರೂ ಹೇಳಿರಲಿಲ್ಲ.

ಹಾಗಾದರೆ ಸ್ಲೀವ್ ತೇವವನ್ನಾದರೂ ತಡೆಯುತ್ತದೆಯೇ? ಇಲ್ಲ. ಅದರ ಒಂದು ಬಾಯಿ ಸದಾ ತೆರೆದಿರುತ್ತದೆ, ಗಾಳಿಯ ತೇವ ಆರಾಮವಾಗಿ ಒಳಗೆ ಹೋಗುತ್ತದೆ. ಕಾಫಿ ಚೆಲ್ಲಿದರೆ, ಬಾಳೆಕಾಯಿ ಚಿಪ್ಸ್ ತಿಂದ ಎಣ್ಣೆಗೈ ತಾಗಿದರೆ ಕಾಯುತ್ತದೆ, ಅಷ್ಟೇ. ಆಗಸ್ಟಿನಲ್ಲಿ ನೋಡಿದರೆ ಸ್ಲೀವ್ ಹಾಕಿದ ಕಾರ್ಡೂ ಹಾಕದ ಕಾರ್ಡೂ ಒಂದೇ ಸಮನೆ ಹಪ್ಪಳದಂತೆ ಬಾಗಿದ್ದವು.

ತೇವಕ್ಕೆ ಮದ್ದು ಬೇರೆ. ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಹಾಲ್‌ನಲ್ಲಿಟ್ಟಿದ್ದೆ. ಜುಲೈ ತಿಂಗಳಿಡೀ ಶೇಕಡಾ 90ರ ಆಸುಪಾಸಿನಲ್ಲೇ ಇತ್ತು. ಆಟದ ಪೆಟ್ಟಿಗೆಗಳನ್ನು ರಬ್ಬರ್ ಅಂಚಿನ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು, ಜೊತೆಗೆ ಸಿಲಿಕಾ ಜೆಲ್ ಹಾಕಿದೆ. ಎರಡು ದಿನದಲ್ಲಿ ಡಬ್ಬಿಯೊಳಗಿನ ಮೀಟರ್ 50ಕ್ಕೆ ಇಳಿಯಿತು. ಉಪ್ಪಿನ ಡಬ್ಬಿಗೆ ಹಾಕುವ ಹಾಗೆ ಹುರಿದ ಅಕ್ಕಿ ಹಾಕಿದರೆ ಸಾಕು ಎಂದು ಭಾವ ವಾದಿಸಿದರು. ಇನ್ನೊಂದು ಡಬ್ಬಿಗೆ ಅದನ್ನೂ ಹಾಕಿ ನೋಡಿದೆವು: 80ರಿಂದ ಕೆಳಗೆ ಬರಲಿಲ್ಲ, ಮೇಲಾಗಿ ಹುಳ ಬಂತು. ಸಿಲಿಕಾದಲ್ಲಿ ಕಿತ್ತಳೆ ಬಣ್ಣದ ಹರಳುಗಳಿರುವುದನ್ನು ಕೊಳ್ಳಿ. ನೀರು ಕುಡಿದು ಕಡುಹಸಿರಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತವೆ. ನಮ್ಮ ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ಈ ಹುರಿಯುವ ಕೆಲಸ. ಅದಕ್ಕೊಂದು ಹಳೆಯ ಬಾಣಲೆಯನ್ನೇ ಬೇರೆ ತೆಗೆದಿಟ್ಟಿದ್ದೇವೆ, ಅಡುಗೆಗೆ ಅದನ್ನು ಮುಟ್ಟುವುದಿಲ್ಲ.

ಹೀಗಾಗಿ ವಿಂಗ್‌ಸ್ಪ್ಯಾನಿನ ಸ್ಲೀವ್‌ಗಳನ್ನೆಲ್ಲ ಬಿಚ್ಚಿಬಿಟ್ಟೆ. ಅದರಲ್ಲಿ ಓದುವುದು ಹೆಚ್ಚು, ಕಲೆಸುವುದು ಕಡಿಮೆ. ಕ್ಯಾಟಾನಿಗೆ ಮಾತ್ರ ದಪ್ಪ ಸ್ಲೀವ್ ಉಳಿಸಿಕೊಂಡೆ. ಕುರಿ, ಇಟ್ಟಿಗೆ, ಗೋಧಿ ಎಂದು ಕೈಯಿಂದ ಕೈಗೆ ಓಡಾಡುವ ಆ ಕಾರ್ಡುಗಳಲ್ಲಿ ಓದುವುದಕ್ಕೆ ಏನಿದೆ? ಚಿತ್ರ ಕಂಡರಾಯಿತು.

ಇನ್ನು ಓದುವ ಸಾಧನಗಳು. ಭೂತಗನ್ನಡಿ ಚೆನ್ನಾಗಿಯೇ ತೋರಿಸುತ್ತದೆ, ಆದರೆ ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಕನ್ನಡಿ ಹಿಡಿದರೆ ಆಡುವುದು ಯಾವ ಕೈಯಲ್ಲಿ? ಪುಸ್ತಕದ ಹಾಳೆಯಂತಿರುವ ಚಪ್ಪಟೆ ಪ್ಲಾಸ್ಟಿಕ್ ಕನ್ನಡಿಯೂ ಬಂತು. ಅದರ ಮೇಲಿನ ಸುರುಳಿ ಗೆರೆಗಳು ಬೆಳಕನ್ನು ಚದುರಿಸಿ, ನಡುವೆ ಸುಮಾರು, ಅಂಚಿನಲ್ಲಿ ಕಲಸುಮೇಲೋಗರ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುವುದು ಎಲ್ಲಕ್ಕಿಂತ ಸ್ಪಷ್ಟ, ಆದರೆ ಫೋನ್ ಕೈಗೆ ಬಂದ ಮೇಲೆ ನಮ್ಮ ಯಜಮಾನರು ಮೇಜಿಗೆ ವಾಪಸಾಗಲು ಹತ್ತು ನಿಮಿಷ ಬೇಕು.

ನಿಜವಾಗಿ ವ್ಯತ್ಯಾಸ ಕಂಡದ್ದು ಅಕ್ಷರ ದೊಡ್ಡದು ಮಾಡಿದಾಗ ಅಲ್ಲ, ಬೆಳಕು ಹೆಚ್ಚಿಸಿದಾಗ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಒಳಪರದೆಗೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು. ಅತ್ತೆಯವರಿಗೆ ಪೊರೆ ತೆಗೆಸಿ ಹೊಸ ಮಸೂರ ಹಾಕಿಸಿದೆ, ಆದರೆ ಪಾಪೆ ಹಳೆಯದೇ. ತಲೆಗೆ ಕಟ್ಟುವ ಟಾರ್ಚ್ ಕೊಟ್ಟೆ. ಅವರಿಗೆ ಕಂಡಿತು, ಎದುರಿಗೆ ಕುಳಿತ ನಮಗೆ ಕಣ್ಣು ಕುಕ್ಕಿ ನೀರು ಬಂತು. ಅವರು ತಲೆ ಎತ್ತಿದಾಗಲೆಲ್ಲ ರಸ್ತೆಯ ತಿರುವಿನಲ್ಲಿ ಜೀಪು ಎದುರಾದಂತೆ. ಕುತ್ತಿಗೆಗೆ ಹಾಕುವ ದೀಪ ಅದಕ್ಕಿಂತ ವಾಸಿ, ಆದರೆ ಸ್ವೆಟರ್ ಮೇಲೆ ಶಾಲು, ಶಾಲಿನ ಮೇಲೆ ದೀಪ ಎಂದರೆ ಅವರಿಗೆ ಇಷ್ಟವಾಗಲಿಲ್ಲ. ಕೊನೆಗೆ ನಿಂತದ್ದು ಮೇಜಿನ ಅಂಚಿಗೆ ಕಚ್ಚಿಸುವ, ಚಾರ್ಜ್ ಮಾಡುವ ಕ್ಲಿಪ್ ದೀಪ. ಅದನ್ನು ಎದುರಿಗಲ್ಲ, ಎಡಗಡೆಯಿಂದ ಸ್ವಲ್ಪ ಹಿಂದೆ ಕಚ್ಚಿಸಬೇಕು, ಆಗ ಪ್ರತಿಫಲನ ಕಣ್ಣಿಗೆ ಬಾರದೆ ಪಕ್ಕಕ್ಕೆ ಹೋಗುತ್ತದೆ. ಈ ಜಾಗ ಹುಡುಕಲು ನಮಗೆ ಮೂರು ಸಂಜೆ ಹಿಡಿಯಿತು. ಕರೆಂಟು ಹೋದರೂ ನಾಲ್ಕು ಗಂಟೆ ಉರಿಯುತ್ತದೆ. ಒಂದೇ ವಸ್ತುವಿಗೆ ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ ಎನ್ನುತ್ತೇನೆ.

ದೀಪ ಕೆಲಸ ಮಾಡಬೇಕಾದರೆ ಕಾರ್ಡ್ ಒಂದೇ ಕೋನದಲ್ಲಿ ನಿಲ್ಲಬೇಕು. ಅದಕ್ಕೆ ಕಾರ್ಡ್ ಸ್ಟ್ಯಾಂಡ್. ತರಿಸಿದ ಪ್ಲಾಸ್ಟಿಕ್ಕಿನದು ಹಗುರ, ಐದು ಕಾರ್ಡ್ ನಿಲ್ಲಿಸಿದರೆ ಮುಗ್ಗರಿಸುತ್ತದೆ. ಮೂರ್ನಾಡಿನ ಬಡಗಿಯೊಬ್ಬರ ಬಳಿ ಸಿಲ್ವರ್ ಓಕ್ ತುಂಡಿನಲ್ಲಿ, ಒಂದಡಿ ಉದ್ದ, ಮೂರು ಮಿಲಿಮೀಟರಿನ ಓರೆ ಸೀಳು ಹಾಕಿಸಿ ನಾಲ್ಕು ಮಾಡಿಸಿದೆ. ತೂಕ, ನೋಟ, ಹಿಂದಕ್ಕೆ ಒರಗುವ ಕೋನ ಎಲ್ಲವೂ ಸರಿ. ಆದರೆ ಮರ ತೋಟದಿಂದ ಕಡಿದು ಹೆಚ್ಚು ದಿನವಾಗಿರಲಿಲ್ಲ. ಆಗಸ್ಟಿಗೆ ಎರಡು ತುಂಡು ಬಿಲ್ಲಿನಂತೆ ಬಾಗಿ ಸೀಳಿನ ಬಾಯಿ ಬಿಗಿದುಕೊಂಡಿತು, ಕಾರ್ಡ್ ತುರುಕಿದರೆ ಅಂಚು ಸುಲಿಯುತ್ತಿತ್ತು. ಉಪ್ಪುಕಾಗದ ಮಡಚಿ ಸೀಳಿನಲ್ಲಿ ಎಳೆದು ಎಳೆದು ಸರಿಮಾಡಿದೆ. ಮಾಡಿಸುವವರು ಹಳೆಯ ಕಿಟಕಿ ಚೌಕಟ್ಟಿನ ಮರ ಕೊಡಿ. ಪ್ಲಾಸ್ಟಿಕ್ಕಿಗಿಂತ ಇದೇ ಮೇಲು, ಅದರಲ್ಲಿ ಅನುಮಾನವಿಲ್ಲ. ಅತ್ತೆಯವರ ಎರಡೂ ಕೈ ಈಗ ಖಾಲಿ, ಒಂದರಲ್ಲಿ ಕಾಫಿ ಲೋಟ.

ಭಾವನದು ಇನ್ನೊಂದು ಕಥೆ. ಅವರಿಗೆ ಕೆಂಪು ಹಸಿರು ಬೇರೆಯಾಗಿ ಕಾಣುವುದಿಲ್ಲ. ಕಾಫಿ ಕೊಯ್ಲಿನಲ್ಲಿ ಹಣ್ಣು ಯಾವುದು, ಕಾಯಿ ಯಾವುದು ಎಂಬ ತೀರ್ಪು ಯಾವಾಗಲೂ ಅಕ್ಕನದೇ. ಟಿಕೆಟ್ ಟು ರೈಡ್ ಎಂಬ ರೈಲಿನ ಆಟದಲ್ಲಿ ಕಾರ್ಡಿನ ಮೂಲೆಯಲ್ಲಿ ಬಣ್ಣಕ್ಕೊಂದು ಚಿಹ್ನೆ ಇರುವುದರಿಂದ ಅವರು ಯಾರ ಸಹಾಯವೂ ಇಲ್ಲದೆ ಆಡಿ ನಮ್ಮನ್ನೇ ಸೋಲಿಸುತ್ತಾರೆ. ಕ್ಯಾಟಾನಿನಲ್ಲಿ ಮಾತ್ರ ಕೆಂಪು ಮನೆ, ಕಿತ್ತಳೆ ಮನೆ ಎರಡೂ ಒಂದೇ. ಅಂಟಿಸುವ ಚುಕ್ಕಿಗಳು ತೇವಕ್ಕೆ ಒಂದೊಂದಾಗಿ ಉದುರಿದವು. ಮಗಳ ಬಿಳಿ ಉಗುರುಬಣ್ಣದಲ್ಲಿ ಕಿತ್ತಳೆ ಮನೆಗಳ ಸೂರಿಗೆ ಒಂದೊಂದು ಬೊಟ್ಟು ಇಟ್ಟೆ, ಇವತ್ತಿನವರೆಗೂ ಹೋಗಿಲ್ಲ.

ಕೊನೆಯದು ಬಿಲ್ಲೆಗಳ ವ್ಯವಸ್ಥೆ. ವಿಂಗ್‌ಸ್ಪ್ಯಾನಿನಲ್ಲಿ ಐದು ಬಗೆಯ ಆಹಾರದ ಬಿಲ್ಲೆ, 75 ಪುಟ್ಟ ಮೊಟ್ಟೆ, ಅದರ ಮೇಲೆ ಮರದ ಘನಗಳು. ಒಟ್ಟು ಏಳು ಬಗೆ. ಮೀನುಗಾರಿಕೆಯ ಸಾಮಾನಿಗೆಂದು ಮಾರುವ ಖಾನೆಗಳ ಪ್ಲಾಸ್ಟಿಕ್ ಪೆಟ್ಟಿಗೆ ಒಂದು ತರಿಸಿದೆ. ಎತ್ತಿಡಲು ಬಹಳ ಅನುಕೂಲ, ತಲೆಕೆಳಗಾದರೂ ಬೆರೆಯುವುದಿಲ್ಲ. ಆಡುವಾಗ ಮಾತ್ರ ಅದರ ತೆರೆದ ಮುಚ್ಚಳವೇ ಅರ್ಧ ಮೇಜು ತಿನ್ನುತ್ತದೆ.

ಏಳು ಬಗೆ ಎಂದ ಕೂಡಲೇ ಹೊಳೆಯಬೇಕಾದದ್ದು ಸಾಂಬಾರ ಡಬ್ಬಿ. ಮಡಿಕೇರಿಯ ಶುಕ್ರವಾರ ಸಂತೆಗೆ ಹೋದಾಗ ಸ್ಟೀಲಿನದೊಂದು ಹೊಸದನ್ನೇ ತಂದೆ (ಅಡುಗೆಮನೆಯದನ್ನು ತೊಳೆದು ನೋಡಿದ್ದೆ, ಬಿಲ್ಲೆಗಳಿಗೆ ಮೆಂತ್ಯದ ವಾಸನೆ ಹತ್ತಿತು). ಸುತ್ತ ಆರು, ನಡುವೆ ಒಂದು, ಅಳೆದು ಮಾಡಿಸಿದಂತೆ ಏಳು ಬಟ್ಟಲು. ಮೇಜಿನ ನಡುವೆ ಇಟ್ಟು ತಿರುಗಿಸಿದರೆ ಎಲ್ಲರ ಕೈಗೂ ಸಿಗುತ್ತದೆ. ಮೊಟ್ಟೆಗಳು ಸ್ಟೀಲಿಗೆ ಬೀಳುವ ಸದ್ದಿಗೆ ತಳದಲ್ಲಿ ಬಟ್ಟೆಯ ತುಂಡು ಹಾಕಿದೆ. ಒಂದೇ ದೋಷ: ಬಟ್ಟಲಿನ ತಳ ಚಪ್ಪಟೆ, ಗೋಡೆ ನೆಟ್ಟಗೆ. ಕೊನೆಯ ಎರಡು ಮೂರು ಬಿಲ್ಲೆಗಳು ತಳಕ್ಕೆ ಅಂಟಿಕೊಂಡು ಕೂತರೆ ಉಗುರಿನಿಂದ ಕೆರೆದು ತೆಗೆಯಬೇಕು. ಅತ್ತೆಯವರು ಪ್ರತಿ ಸಲ ಬಟ್ಟಲನ್ನೇ ಎತ್ತಿ ಮೇಜಿನ ಮೇಲೆ ಬೋರಲು ಹಾಕುತ್ತಿದ್ದರು.

ಒಂದು ದಿನ ಅವರೇ ಒಳಗೆ ಹೋಗಿ ತಮ್ಮ ಚೆನ್ನೆಮಣೆ ತಂದರು. ಅವರ ತವರು ಸುಳ್ಯದ ಕಡೆ. ಆಟಿ ಎಂಬ ತುಳು ತಿಂಗಳ ಮಳೆಯಲ್ಲಿ ಅಕ್ಕತಂಗಿಯರು ಆಡುತ್ತಿದ್ದ ಹಲಸಿನ ಮಣೆ ಅದು, ಎರಡು ಸಾಲು, ಸಾಲಿಗೆ ಏಳು ಗುಳಿ. ಏಳು! ಈ ಕಡೆಯವರಿಗೊಂದು ಪೂರ್ತಿ ಸಾಲು, ಆ ಕಡೆಯವರಿಗೊಂದು ಪೂರ್ತಿ ಸಾಲು. ಯಾರೂ ಯಾರ ಮುಂದೂ ಕೈ ಚಾಚಬೇಕಿಲ್ಲ. ಗುಳಿಯ ತಳ ಬಟ್ಟಲಿನಂತೆ ಬಾಗಿರುವುದರಿಂದ ಬಿಲ್ಲೆಯ ಒಂದು ಅಂಚು ಒತ್ತಿದರೆ ಇನ್ನೊಂದು ಅಂಚು ತಾನಾಗಿ ಮೇಲೆದ್ದು ಬೆರಳಿಗೆ ಬರುತ್ತದೆ. ಕಾಳು ಎತ್ತುವುದಕ್ಕೆಂದೇ ಕೊರೆದ ಗುಳಿಯಲ್ಲವೇ, ಮತ್ತೇನಾದೀತು. ಸಪ್ಪಳವಿಲ್ಲ, ವಾಸನೆಯಿಲ್ಲ, ಬಗ್ಗಲಿಲ್ಲ, ಬಾಗಲಿಲ್ಲ. ಕೊರತೆ ಎಂದರೆ ಮೊಟ್ಟೆಗಳೆಲ್ಲ ಎರಡು ಗುಳಿಯಲ್ಲಿ ಹಿಡಿಸವು, ಹೆಚ್ಚಿನದನ್ನು ಪಕ್ಕದ ಲೋಟದಿಂದ ತುಂಬುತ್ತಿರಬೇಕು. ಆಟದ ನಂತರ ಮುಚ್ಚಿಡಲು ಮುಚ್ಚಳವೂ ಇಲ್ಲ. ಆದರೂ ಮೂರರಲ್ಲಿ ಇದಕ್ಕೇ ನನ್ನ ಮೊದಲ ಸ್ಥಾನ. ಆಡಲು ಚೆನ್ನೆಮಣೆ, ಎತ್ತಿಡಲು ಖಾನೆಪೆಟ್ಟಿಗೆ ಎಂದು ಮನೆಯಲ್ಲಿ ತೀರ್ಮಾನವೂ ಆಗಿತ್ತು.

ಈ ವರ್ಷ ಆಟಿ ಶುರುವಾದ ಸಂಜೆ ನಾನು ವಿಂಗ್‌ಸ್ಪ್ಯಾನ್ ಹರಡುವಾಗ ಮಣೆ ಜಾಗದಲ್ಲಿರಲಿಲ್ಲ. ನೋಡಿದರೆ ಜಗಲಿಯಲ್ಲಿ ಕ್ಲಿಪ್ ದೀಪದ ಕೆಳಗೆ ಅತ್ತೆ, ಎದುರಿಗೆ ಮಗಳು. ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ ಎಣಿಸಿ ಹಾಕಿಯಾಗಿತ್ತು. "ನಿನ್ನ ಹಕ್ಕಿಗಳಿಗೆ ಸಾಂಬಾರ ಡಬ್ಬಿ ಇದೆಯಲ್ಲ" ಎಂದರು, ತಲೆ ಎತ್ತದೆ.