ಹಳೇ ವೇವ್ ಸೇಲ್ ಜೊತೆ ಮಾಸ್ಟ್ ಕೊಡ್ತೀವಿ ಅಂದರೆ ಮೊದಲು ಟೇಪ್ ಹಿಡಿಸಿ

ನೀರಿನ ಮೇಲೆ ಹಲಗೆಯಲ್ಲಿ ನಿಂತು ಗಾಳಿಯ ಬಲದಿಂದ ಸಾಗುವ ವಿಂಡ್‌ಸರ್ಫಿಂಗಿನ ಸೇಲನ್ನು, ಅಂದರೆ ಹಾಯಿಯನ್ನು, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಗಮನಿಸಿ. ‘ಮಾಸ್ಟ್ ಕೂಡ ಮ್ಯಾಚಿಂಗ್ ಇದೆ ಸರ್’ ಅಂದ ಮಾತ್ರಕ್ಕೆ ಹಣ ಕಳಿಸಬೇಡಿ. ಮಾಸ್ಟ್ ಅಂದರೆ ಹಾಯಿ ನಿಲ್ಲಿಸುವ ಕಂಬ, ಎರಡು ತುಂಡಾಗಿ ಬರುತ್ತದೆ. ಆ ಎರಡೂ ತುಂಡು ಜೋಡಿಸಿ, ಪಕ್ಕದಲ್ಲಿ ಅಳತೆ ಟೇಪ್ ಹಿಡಿದ ಫೋಟೊ ಕೇಳಿ.

ಹಾಸನದಲ್ಲಿ ಮುಟ್ಟಿ ನೋಡಿ ಕೊಳ್ಳೋಕೆ ಇಂಥ ಅಂಗಡಿ ಇಲ್ಲ. ಗೊರೂರಿನ ಹಿನ್ನೀರು ಹತ್ತಿರವೇ ಇದ್ದರೂ ಸಾಮಾನು ಕರಾವಳಿಯಿಂದಲೇ ಬರಬೇಕು. ನಾನೂ ಫೋಟೊ ನೋಡಿಯೇ ಕೊಂಡೆ. 4.7 ಚದರ ಮೀಟರಿನ ವೇವ್ ಸೇಲ್, ಅಂದರೆ ಅಲೆಗಳಲ್ಲಿ ಆಡೋಕೆ ಮಾಡಿದ್ದು. ಅದರ ಬುಡದಲ್ಲಿ ಲಫ್ (ಮಾಸ್ಟ್ ತೂರಿಸುವ ಮುಂದಿನ ಅಂಚಿನ ಉದ್ದ) 422, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡ ಕೋಲು) 165, ಮಾಸ್ಟ್ 400 ಅಂತ ಸೆಂ.ಮೀ. ಲೆಕ್ಕದಲ್ಲಿ ಅಚ್ಚಾಗಿತ್ತು. ಮಾಸ್ಟ್ ಕೂಡ 400 ಸೆಂ.ಮೀ.ನದೇ ಅಂತ ಮಾರುವವರು ಅಂದರು. ಕೆಳಗೆ ಎಕ್ಸ್‌ಟೆನ್ಷನ್, ಅಂದರೆ ಉದ್ದ ಹೆಚ್ಚಿಸುವ ಕೊಳವೆ, 22 ಸೆಂ.ಮೀ. ಕೊಟ್ಟರೆ 422. ಲೆಕ್ಕ ಸರಿಯಾಗಿತ್ತು.

ಪಾರ್ಸೆಲ್ ಬಿಚ್ಚಿ ಜೋಡಿಸಿದರೆ ಮಾಸ್ಟ್ 415 ಸೆಂ.ಮೀ. ಇತ್ತು! ಮಾಸ್ಟ್‌ಗಳು ಬರೋದು 370, 400, 430, 460 ಹೀಗೆ. 415 ಅನ್ನೋ ಸೈಜ್ ಸಾಮಾನ್ಯವಾಗಿ ಇರಲ್ಲ. ಬುಡದ ತುಂಡಿನ ಮೇಲೆ 400 ಅನ್ನೋ ಸ್ಟಿಕ್ಕರ್ ಇತ್ತು. ಮೇಲಿನ ತುಂಡಿನ ಸ್ಟಿಕ್ಕರ್ ಕೆರೆದು ಹಾಕಿದ್ದರು. ಕೂಡುವ ಜಾಗಕ್ಕೆ ಕರೆಂಟ್ ಕೆಲಸದವರ ಕಪ್ಪು ಟೇಪ್ ಸುತ್ತಿ ಬಿಗಿ ಮಾಡಿದ್ದರು. ಬೇರೆ ಬೇರೆ ಮಾಸ್ಟಿನ ಎರಡು ಅರ್ಧ ಸೇರಿಸಿ ‘ಜೋಡಿ’ ಅಂತ ಮಾರಿದ್ದರು.

ಉದ್ದ ಹೆಚ್ಚುಕಮ್ಮಿ ಆದರೆ ಎಕ್ಸ್‌ಟೆನ್ಷನ್ನಿನಲ್ಲಿ ಸರಿಮಾಡಬಹುದಲ್ವಾ ಅಂತ ಕೇಳಬಹುದು. ತೊಂದರೆ ಉದ್ದದ್ದಲ್ಲ, ಬಾಗುವ ರೀತಿಯದು. ಸೇಲನ್ನು ಕೆಳಕ್ಕೆ ಬಿಗಿಯುವ ಡೌನ್‌ಹಾಲ್ ಹಗ್ಗ ಎಳೆದಾಗ ಮಾಸ್ಟ್ ಬಾಗಿಯೇ ಸೇಲಿಗೆ ಆಕಾರ ಬರಬೇಕು. ಕೆಲವು ಕಂಪನಿಯ ಮಾಸ್ಟ್ ತುದಿಯಲ್ಲಿ ಜಾಸ್ತಿ ಬಾಗುತ್ತದೆ, ಅದು ಫ್ಲೆಕ್ಸ್ ಟಾಪ್. ಕೆಲವದರ ತುದಿ ಗಟ್ಟಿ, ಅದು ಹಾರ್ಡ್ ಟಾಪ್. ನಡುವಿನದು ಕಾನ್‌ಸ್ಟೆಂಟ್ ಕರ್ವ್. ಸೇಲನ್ನು ಇದರಲ್ಲಿ ಯಾವುದೋ ಒಂದಕ್ಕೆ ಹೊಂದುವಂತೆ ಕತ್ತರಿಸಿರುತ್ತಾರೆ. ನನಗೆ ಬಂದ ಸೇಲ್ ಫ್ಲೆಕ್ಸ್ ಟಾಪಿಗೆ ಮಾಡಿದ್ದು, ಮೇಲಿನ ತುಂಡು ಗಟ್ಟಿ ತುದಿಯದು. ಊರಾಚೆ ಮೈದಾನದಲ್ಲಿ ಕಟ್ಟಿ ನೋಡಿದೆ. ಎಷ್ಟು ಎಳೆದರೂ ಮೇಲಿನ ಹಿಂಬದಿ ಅಂಚು ಸಡಿಲವಾಗಲಿಲ್ಲ, ನಡುಭಾಗ ಮಾತ್ರ ಚಪ್ಪಟೆಯಾಯಿತು. ಗಾಳಿ ಜೋರಾದಾಗ ಆ ಅಂಚು ತೆರೆದುಕೊಂಡು ಹೆಚ್ಚಿನ ಗಾಳಿಯನ್ನು ಬಿಟ್ಟುಬಿಡಬೇಕು. ಇಲ್ಲದಿದ್ದರೆ ಸೇಲ್ ಮೇಲಿನಿಂದ ಎಳೆದು ಮನುಷ್ಯನನ್ನೇ ಕೆಡವುತ್ತದೆ. ಸಡಿಲವಾದ ಜಾಯಿಂಟ್ ಮುರಿಯೋ ಭಯ ಬೇರೆ. ಮಳೆಗಾಲದ ಪಡುವಣ ಗಾಳಿಯಲ್ಲಿ ಹಿನ್ನೀರಿನ ನಡುವೆ ಮಾಸ್ಟ್ ಮುರಿದರೆ ದಡ ಸೇರೋದು ಹೇಗೆ, ಹೇಳಿ.

ಮಾಸ್ಟಿನ ದಪ್ಪವನ್ನೂ ಕೇಳಿ. ಸಣ್ಣ ವ್ಯಾಸದ್ದನ್ನು ಆರ್‌ಡಿಎಂ ಅಂತಾರೆ, ದಪ್ಪದ್ದು ಎಸ್‌ಡಿಎಂ. ಒಂದರ ಎಕ್ಸ್‌ಟೆನ್ಷನ್ ಇನ್ನೊಂದಕ್ಕೆ ನೇರವಾಗಿ ಕೂರಲ್ಲ. ಬೂಮ್ ಹಿಡಿಯುವ ಜಾಗದಲ್ಲಿ ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಬೆರಳು ಆಡಿಸಿ.

ಸೇಲಿನ ಬಟ್ಟೆಯೂ ಅಷ್ಟೇ. ವೇವ್ ಸೇಲ್ ಗಟ್ಟಿ ಇರಲಿ ಅಂತ ಹೆಚ್ಚಿನ ಭಾಗಕ್ಕೆ ಎಕ್ಸ್‌ಪ್ಲೈ ಹಾಕಿರುತ್ತಾರೆ, ಒಳಗೆ ದಾರದ ಜಾಲರಿ ಇರುವ ಹಾಳೆ. ನೋಡೋಕೆ ಅಂತ ಬಿಡುವ ಪಾರದರ್ಶಕ ಕಿಟಕಿ ಎಷ್ಟೋ ಸೇಲಿನಲ್ಲಿ ಬರೀ ಮೋನೋಫಿಲ್ಮ್, ಅಂದರೆ ಜಾಲರಿ ಇಲ್ಲದ ಪ್ಲಾಸ್ಟಿಕ್ ಹಾಳೆ. ಅದಕ್ಕೆ ಬಿಸಿಲೇ ಶತ್ರು. ಮಬ್ಬಾಗಿದ್ದು, ಮೆಲ್ಲಗೆ ಮಡಿಸಿದರೆ ಪಟಪಟ ಅಂದರೆ ಅದರ ಆಯಸ್ಸು ಮುಗಿಯಿತು ಅಂತಲೇ. ನನ್ನದರಲ್ಲಿ ಕಿಟಕಿ ಆಗಲೇ ಸೀಳಿತ್ತು, ಮಾರಿದವರು ಹೊಲಿಸಿ ಕಳಿಸಿದ್ದರು. ಟಾರ್ಪಾಲಿನ್ ಹೊಲಿದ ಹಾಗೆ ಮೋನೋಫಿಲ್ಮ್ ಹೊಲಿದರೆ ಸೂಜಿ ಹೋದ ದಾರಿಯಲ್ಲೇ ಅಂಚೆಚೀಟಿ ಹಾಳೆಯಂತೆ ಹರಿಯುತ್ತದೆ. ಸಣ್ಣ ಸೀಳಿಗೆ ಎರಡೂ ಕಡೆ ಸೇಲ್ ಟೇಪ್ ಸಾಕು, ದೊಡ್ಡದಾದರೆ ಇಡೀ ಹಾಳೆ ಬದಲಿಸಬೇಕು. ಇವರು ಫೋಟೊ ಸಂಜೆ ಹೊತ್ತು ಹುಲ್ಲಿನ ಮೇಲೆ ಹಾಸಿ ತೆಗೆದಿದ್ದರಿಂದ ಮಬ್ಬೂ ಕಾಣಲಿಲ್ಲ, ಹೊಲಿಗೆಯೂ ಕಾಣಲಿಲ್ಲ. ಹಗಲಲ್ಲಿ ಆಕಾಶದ ಕಡೆ ಎತ್ತಿ ಹಿಡಿದ ಫೋಟೊ ಕೇಳಿ.

ಫೋನ್ ಮಾಡಿದೆ. ‘ಹೋದ ಸೀಸನ್ನಿನಲ್ಲೂ ಇದರಲ್ಲೇ ಆಡಿದ್ವಿ ಸರ್’ ಅಂದರು. ಆಮೇಲೆ ಫೋನ್ ಎತ್ತೋದೇ ಬಿಟ್ಟರು.

ಬುಡದ ತುಂಡು ಮಾತ್ರ ಚೆನ್ನಾಗಿದೆ. 400ರ ಫ್ಲೆಕ್ಸ್ ಟಾಪ್, ಆರ್‌ಡಿಎಂ. ಅದಕ್ಕೆ ಹೊಂದುವ ಮೇಲಿನ ತುಂಡು ಯಾರ ಬಳಿಯಾದರೂ ಇದ್ದರೆ ತಿಳಿಸಿ. ಸ್ಟಿಕ್ಕರ್ ಕಾಣುವ ಹಾಗೆ, ಟೇಪ್ ಹಿಡಿದ ಫೋಟೊ ಜೊತೆ.