ಐರನ್‌ಮ್ಯಾನ್ ಆಟಕ್ಕೆ ಕೂರುವ ಮುನ್ನ ಅಪ್‌ಡೇಟ್ ತಡೆದುಕೊಳ್ಳಿ: ನಡುದಾರಿಯಲ್ಲಿ ಮುಗಿದ ನನ್ನ ವಿಜಯನಗರ

ಇಡೀ ಭೂಪಟವನ್ನು ಎದುರಿಗಿಟ್ಟುಕೊಂಡು ಒಂದು ರಾಜ್ಯವನ್ನು ಮುನ್ನೂರು ನಾನೂರು ವರ್ಷ ನಡೆಸುವ ಚಾರಿತ್ರಿಕ ಗ್ರ್ಯಾಂಡ್ ಸ್ಟ್ರಾಟೆಜಿ ಆಟಗಳನ್ನು ಕಂಪ್ಯೂಟರಿನಲ್ಲಿ ಆಡುವವರಿಗೆ, ಅದರಲ್ಲೂ ಹಿಂದಿನ ಸೇವ್‌ಗೆ ಮರಳಲಾಗದ ಐರನ್‌ಮ್ಯಾನ್ ವಿಧಾನದಲ್ಲಿ ದೀರ್ಘ ಆಟವೊಂದಕ್ಕೆ ಕೂರುವವರಿಗೆ, ಈ ಎಚ್ಚರಿಕೆ. ಆಟ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗುವುದನ್ನು ಮೊದಲು ತಡೆದುಕೊಳ್ಳಿ, ಆಟ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಕಾಪಿಡುವ ಸೇವ್ ಫೈಲಿನ ಒಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ, ಆಮೇಲೆ ರಾಜ್ಯಭಾರಕ್ಕೆ ಇಳಿಯಿರಿ. ಇವೆರಡೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಆಟದ ಹೆಸರನ್ನೂ ಕಂಪನಿಯ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ತೊಂದರೆ ಒಂದೇ ಆಟದ್ದಲ್ಲ. ಈ ಜಾತಿಯ ಆಟಗಳು ತಯಾರಾಗುವ ಮತ್ತು ಮಾರಾಟವಾಗುವ ಕ್ರಮದ್ದು.

ನಾನು ಆಡುತ್ತಿದ್ದ ಆಟ 15ನೇ ಶತಮಾನದ ನಡುವಿನಲ್ಲಿ ಆರಂಭವಾಗುತ್ತದೆ. ವಿಜಯನಗರವನ್ನು ಆರಿಸಿಕೊಂಡರೆ ಸಿಂಹಾಸನದಲ್ಲಿ ಎರಡನೆಯ ದೇವರಾಯನಿರುತ್ತಾನೆ. ಉತ್ತರಕ್ಕೆ ಕಲಬುರಗಿಯಿಂದ ಬೀದರಿಗೆ ರಾಜಧಾನಿ ಬದಲಿಸಿಕೊಂಡ ಬಹಮನಿಗಳು, ಈಶಾನ್ಯಕ್ಕೆ ಒಡಿಶಾದ ಗಜಪತಿಗಳು, ನಡುವೆ ಎಲ್ಲರ ಕಣ್ಣೂ ಬಿದ್ದಿರುವ ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲವಾದ ದೋಆಬ್. ಇಷ್ಟರ ಮಟ್ಟಿಗೆ ಚರಿತ್ರೆ. ಪಾಜ್ ತೆಗೆದು ಕಾಲ ಓಡತೊಡಗಿದ ಮೇಲೆ ಎಲ್ಲವೂ ದಾಳದ ಕೈಯಲ್ಲಿ. ನಿಜದಲ್ಲಿ 1446ರಲ್ಲಿ ತೀರಿಕೊಂಡ ದೇವರಾಯ ನನ್ನ ಆಟದಲ್ಲಿ ಮುಪ್ಪಿನವರೆಗೆ ಆಳಿದ. ಚರಿತ್ರೆಯಲ್ಲಿ ಅಹ್ಮದ್‌ನಗರ ಮತ್ತು ಬಿಜಾಪುರಗಳು ಬಹಮನಿಗಳಿಂದ ಕಳಚಿಕೊಂಡ 1490ರ ಹೊತ್ತಿಗೆ ನನ್ನ ಆಟದಲ್ಲಿ ಬೀದರಿನ ಸುಲ್ತಾನ ನನಗೆ ಕಪ್ಪ ಕೊಡುವ ಸಾಮಂತನಾಗಿದ್ದ. ಒಡೆಯಬೇಕಾದ ರಾಜ್ಯ ಒಡೆಯದೆ ಉಳಿದದ್ದರಿಂದ ಆದಿಲ್‌ಶಾಹಿ, ನಿಜಾಮ್‌ಶಾಹಿ, ಕುತುಬ್‌ಶಾಹಿಗಳು ಹುಟ್ಟಲೇ ಇಲ್ಲ. 1565ರ ಜನವರಿ 23ರಂದು ಅಳಿಯ ರಾಮರಾಯನನ್ನು ಸೋಲಿಸಿ ಕೊಂದ ಒಕ್ಕೂಟವನ್ನು ಕಟ್ಟಲು ಸುಲ್ತಾನರೇ ಇರಲಿಲ್ಲ. ಆಟದ ಕಾಲ 1562ಕ್ಕೆ ಬಂದಿತ್ತು. ಆ ತಾರೀಖನ್ನು ದಾಟಿ ಹಂಪಿಯನ್ನು ಉಳಿಸಿಕೊಳ್ಳುವುದೊಂದೇ ನನ್ನ ಗುರಿ; ಕನ್ನಡಿಗರು ಇಂಥ ಆಟವನ್ನು ಮತ್ತೇತಕ್ಕೆ ಆಡುತ್ತಾರೆ?

ಐರನ್‌ಮ್ಯಾನ್ ಎಂದರೆ ಒಂದು ಆಟಕ್ಕೆ ಒಂದೇ ಸೇವ್ ಫೈಲ್. ಆಟವೇ ಆಗಾಗ ಅದರ ಮೇಲೆ ಹೊಸದನ್ನು ಬರೆಯುತ್ತಿರುತ್ತದೆ, ಹಾಗಾಗಿ ಸೋತ ಯುದ್ಧವನ್ನು ಹಳೆಯ ಸೇವ್ ತೆರೆದು ಮತ್ತೆ ಆಡುವಂತಿಲ್ಲ. ಗುರಿ ಸಾಧಿಸಿದ್ದಕ್ಕೆ ಆಟ ಕೊಡುವ ಅಚೀವ್‌ಮೆಂಟ್ ಪದಕ ಬೇಕೆನ್ನುವವರು ಈ ವಿಧಾನದಲ್ಲೇ ಆಡಬೇಕೆಂಬ ಕಟ್ಟುಪಾಡು ಈ ಬಗೆಯ ಹಲವು ಆಟಗಳಲ್ಲಿ ಇತ್ತು, ಕೆಲವುಗಳಲ್ಲಿ ಈಗಲೂ ಇದೆ. ಮೋಸಕ್ಕೆ ಎಡೆಯಿಲ್ಲದ ಈ ಏರ್ಪಾಡು ನನಗೂ ಇಷ್ಟವೇ, ಆದರೆ ತಪ್ಪು ಆಟಗಾರನದ್ದಾಗಿರದೆ ಆಟದ್ದೇ ಆಗಿದ್ದಾಗ ಅದರಿಂದ ಪಾರಾಗುವ ದಾರಿಯನ್ನೂ ಇದು ಮುಚ್ಚಿಬಿಡುತ್ತದೆ.

ಒಂದು ಸಂಜೆ ಆಟ ತೆರೆದಾಗ ಆಟವನ್ನು ಶುರುಮಾಡುವ ಕಿಟಕಿಯಾದ ಲಾಂಚರಿನ ಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಬದಲಾಗಿತ್ತು. ಹಗಲು ಕಂಪ್ಯೂಟರ್ ಸುಮ್ಮನೆ ಚಾಲೂ ಇದ್ದ ಹೊತ್ತಿನಲ್ಲಿ ದೊಡ್ಡ ಪ್ಯಾಚ್, ಅಂದರೆ ಆಟವನ್ನು ತಿದ್ದುವ ಅಪ್‌ಡೇಟ್, ತಾನಾಗಿಯೇ ಇಳಿದು ಕುಳಿತಿತ್ತು. ಸೇವ್ ಫೈಲಿನ ಪಕ್ಕದಲ್ಲಿ ಹಳದಿ ಬಣ್ಣದ ಸಣ್ಣದೊಂದು ತ್ರಿಕೋನ ಮೂಡಿತ್ತೇ ಹೊರತು ಫೈಲ್ ತೆರೆಯಲು ಯಾವ ಅಡ್ಡಿಯೂ ಬರಲಿಲ್ಲ. ತೆರೆದುಕೊಂಡ ಭೂಪಟದಲ್ಲಿ ದಖ್ಖನನ್ನು ಹೊಸದಾಗಿ ಬರೆದಿದ್ದರು. ಮೊದಲು ಒಂದೇ ಆಗಿದ್ದ ರಾಯಚೂರು ಪ್ರಾಂತ್ಯವನ್ನು ಒಡೆದು ಮುದಗಲ್ಲು ಎಂಬ ಹೊಸ ಪ್ರಾಂತ್ಯ ಮಾಡಿದ್ದರು. ಕೆಲಸವೇನೋ ಸೊಗಸಾಗಿತ್ತು, ಆದರೆ ನನ್ನ ಹಳೆಯ ಸೇವ್‌ನಲ್ಲಿ ಮುದಗಲ್ಲಿನ ಲೆಕ್ಕವೇ ಇರಲಿಲ್ಲವಾದ್ದರಿಂದ ಆ ತುಂಡಿಗೆ ಒಡೆಯನಿಲ್ಲದೆ ಬೂದು ಬಣ್ಣ ಬಂದಿತ್ತು. ಅದರ ಮೇಲೆ ಕ್ಲಿಕ್ ಮಾಡಿದರೆ, ಇದು ಜನವಸತಿಯಿಲ್ಲದ ಪ್ರದೇಶ, ಇಲ್ಲಿಗೆ ವಲಸಿಗರನ್ನು ಕಳುಹಿಸಿ ವಸಾಹತು ಸ್ಥಾಪಿಸಬಹುದು ಎಂಬ ಸೂಚನೆ. ವಿಜಯನಗರದವರೂ ಬಹಮನಿಗಳೂ ಅವರ ನಂತರ ಬಿಜಾಪುರದವರೂ ಯಾವ ಕೋಟೆಗಾಗಿ ತಲೆಮಾರುಗಟ್ಟಲೆ ಕಾದಾಡಿದರೋ, ಅದು ನನ್ನ ಆಟದಲ್ಲಿ ಅಮೆರಿಕದ ಕಾಡಿನ ಸಾಲಿಗೆ ಸೇರಿತ್ತು.

ನಗು ಅಲ್ಲಿಗೇ ಮುಗಿಯಿತು. ಬೀದರಿನ ಸಾಮಂತನ ಜೊತೆಗಿನ ಸಂಬಂಧ ಅಳಿಸಿಹೋಗಿತ್ತು, ಆಟ ಒಪ್ಪಿಸಿದ್ದ, ನಡೆಯುತ್ತಿದ್ದ ಎರಡು ಮಿಷನ್‌ಗಳು ಕಾಣೆಯಾಗಿದ್ದವು, ತಿಂಗಳು ತಿರುಗುತ್ತಿದ್ದಂತೆ ಆಟ ಒಮ್ಮೆ ತಡವರಿಸಿ ಪೂರ್ತಿ ನಿಂತುಹೋಯಿತು. ಮತ್ತೆ ತೆರೆದರೂ ಅದೇ ದಿನ, ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಹಳೆಯ ಆವೃತ್ತಿಗೆ ಮರಳಿದರೆ ಸರಿಹೋದೀತೆಂದು ಅದನ್ನು ಇಳಿಸಿಕೊಂಡು ನೋಡಿದೆ. ನಿಜವಾದ ಪೆಟ್ಟು ಬಿದ್ದದ್ದು ಆಗ. ಆಟ ನಿಲ್ಲುವುದಕ್ಕೆ ಮೊದಲು ಐರನ್‌ಮ್ಯಾನ್ ತನ್ನ ಅಭ್ಯಾಸದಂತೆ ಸೇವ್ ಮಾಡಿತ್ತು. ಅಂದರೆ ನನ್ನ ಏಕೈಕ ಫೈಲನ್ನು ಹೊಸ ಆವೃತ್ತಿಯ ರೂಪದಲ್ಲಿ ತಿದ್ದಿ ಬರೆದಾಗಿತ್ತು. ಹಳೆಯ ಆವೃತ್ತಿ ಅದನ್ನು ಓದಲು ಒಪ್ಪಲಿಲ್ಲ, ಹೊಸ ಆವೃತ್ತಿ ಓದಿದರೂ ಮುಂದಕ್ಕೆ ಸಾಗಲಿಲ್ಲ. ಕ್ಲೌಡ್‌ನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ ಎಂಬ ಸಮಾಧಾನವೂ ಉಳಿಯಲಿಲ್ಲ, ಏಕೆಂದರೆ ಆಟ ಮುಚ್ಚಿದೊಡನೆ ಕೆಟ್ಟ ಫೈಲೇ ಮೇಲಕ್ಕೆ ಹೋಗಿ ಒಳ್ಳೆಯದರ ಜಾಗದಲ್ಲಿ ಕೂತಿತ್ತು. ಕ್ಲೌಡ್ ಎಂಬುದು ಇನ್ನೊಂದು ಕಂಪ್ಯೂಟರಿನಲ್ಲಿ ಆಟ ಮುಂದುವರಿಸುವ ಅನುಕೂಲಕ್ಕೆ ಇರುವಂಥದ್ದು. ಅದನ್ನು ಬ್ಯಾಕಪ್ ಎಂದು ನಂಬಬೇಡಿ.

ಈಗ ತಡೆಯುವ ಬಗೆ. ಆಟಗಳನ್ನು ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಅಪ್‌ಡೇಟನ್ನು ಶಾಶ್ವತವಾಗಿ ನಿಲ್ಲಿಸುವ ಆಯ್ಕೆ ಇಲ್ಲ. ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂದು ಹೇಳಬಹುದು, ಆದರೆ ಆಟ ತೆರೆದೇ ತೆರೆಯುತ್ತೇವಲ್ಲ. ಆದ್ದರಿಂದ ಆಟದ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದು, ಅಲ್ಲಿನ ಬೀಟಾಸ್ ವಿಭಾಗದಲ್ಲಿ ಹಳೆಯ ಆವೃತ್ತಿಗಳ ಪಟ್ಟಿ ಇದೆಯೇ ಎಂದು ನೋಡಬೇಕು. ಹೆಸರು ಬೀಟಾ (ಪರೀಕ್ಷಾ ಆವೃತ್ತಿ) ಎಂದಿದ್ದರೂ ಈ ಬಗೆಯ ಹಲವು ಆಟಗಳು ತಮ್ಮ ಹಳೆಯ ಆವೃತ್ತಿಗಳನ್ನು ಇಟ್ಟಿರುವುದು ಅಲ್ಲಿಯೇ. ನೀವು ಈಗ ಆಡುತ್ತಿರುವ ಆವೃತ್ತಿಯ ಸಂಖ್ಯೆಯನ್ನೇ ಆರಿಸಿಕೊಂಡರೆ ಹೊಸದು ಬಂದರೂ ನಿಮ್ಮ ಆಟ ಇದ್ದಲ್ಲೇ ಇರುತ್ತದೆ. ಮಾಡ್ (ಆಟಗಾರರೇ ತಯಾರಿಸಿದ ಮಾರ್ಪಾಡು) ಹಾಕಿಕೊಂಡವರು ಒಂದು ಹೆಜ್ಜೆ ಮುಂದೆ ಹೋಗಿ ಮಾಡ್‌ನ ಫೋಲ್ಡರನ್ನೂ ಬೇರೆ ಕಡೆ ನಕಲು ಮಾಡಿಕೊಳ್ಳಬೇಕು, ಏಕೆಂದರೆ ಆಟವನ್ನು ಹಿಡಿದು ನಿಲ್ಲಿಸಿದರೂ ಮಾಡ್ ತನ್ನ ಪಾಡಿಗೆ ತಾನು ಬದಲಾಗುತ್ತದೆ. ಪ್ರತಿ ಬಾರಿ ಆಟ ಮುಚ್ಚಿದ ಮೇಲೆ ಸೇವ್ ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಐರನ್‌ಮ್ಯಾನ್ ನೇಮಕ್ಕೆ ಭಂಗ ಎನ್ನುವ ಮಡಿವಂತರಿದ್ದಾರೆ. ಅವರ ಊರಿನಲ್ಲಿ ಸೇವ್ ಆಗುತ್ತಿರುವ ಕ್ಷಣದಲ್ಲಿ ಕರೆಂಟ್ ಹೋಗುವುದಿಲ್ಲವೆಂದು ಕಾಣುತ್ತದೆ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಸ್ಟೀಮ್‌ನ ನಿಯಮದಂತೆ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸು ಕೇಳಬಹುದು. ಬೇರೆ ಆಟಗಳಿಗೆ ಇದು ಧಾರಾಳವಾದ ನಿಯಮ. ಈ ಆಟಗಳಲ್ಲಿ ಮಾತ್ರ ತೆರಿಗೆ, ವ್ಯಾಪಾರ, ಸ್ಥಿರತೆ, ಉತ್ತರಾಧಿಕಾರ ಎಂಬ ಪುಟಗಳನ್ನು ತಿರುವಿ, ಯಾವ ಗುಂಡಿ ಏತಕ್ಕೆ ಎಂದು ತಿಳಿಯುವಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ. ಆಟ ನಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ಗೊತ್ತಾಗುವುದು ಅದಾದ ಬಹಳ ಹೊತ್ತಿನ ಮೇಲೆ. ಅಷ್ಟರಲ್ಲಿ ಕೆಲವು ಗುಂಡಿಗಳು ಬೀಗ ಹಾಕಿಕೊಂಡಿರುವುದೂ, ಅವನ್ನು ತೆರೆಯಲು ಡಿಎಲ್‌ಸಿ (ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಕೊಳ್ಳಬೇಕೆಂಬುದೂ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ಮಾರುಕಟ್ಟೆಯಲ್ಲಿರುವ ಆಟಗಳಲ್ಲಿ ಎಲ್ಲ ಡಿಎಲ್‌ಸಿಗಳ ಒಟ್ಟು ಬೆಲೆ ಮೂಲ ಆಟದ ಬೆಲೆಯ ಎಷ್ಟೋ ಪಟ್ಟು ಮೀರಿರುತ್ತದೆ. ಮೂಲ ಆಟವನ್ನಷ್ಟೇ ಸೇಲ್ ಬಂದಾಗ ಕೊಳ್ಳಿ. ಡಿಎಲ್‌ಸಿಗಳಲ್ಲಿ ನೀವು ಆಡಲಿರುವ ಭೂಭಾಗಕ್ಕೆ ಸಂಬಂಧಿಸಿದ್ದನ್ನು ಮಾತ್ರ, ಅದೂ ಒಂದು ಆಟ ಮುಗಿಸಿದ ಮೇಲೆ ನೋಡಿದರೆ ಸಾಕು.

ಕಂಪ್ಯೂಟರ್ ಕೊಳ್ಳುವಾಗ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಂಡರೆ ಆಟ ವೇಗವಾಗಿ ಓಡುತ್ತದೆ ಎಂಬುದು ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ನೂರಾರು ರಾಜ್ಯಗಳ ಸೈನ್ಯ, ಸಾಲ, ಸಂಧಾನಗಳನ್ನು ದಿನದಿನಕ್ಕೂ ಲೆಕ್ಕ ಹಾಕುವ ಹೊರೆ ಬೀಳುವುದು ಪ್ರೊಸೆಸರಿನ ಮೇಲೆ, ಅದರಲ್ಲೂ ಹೆಚ್ಚಿನ ಪಾಲು ಅದರೊಳಗಿನ ಲೆಕ್ಕದ ಘಟಕಗಳಲ್ಲಿ ಒಂದೇ ಕೋರಿನ ಮೇಲೆ. ಹಾಗಾಗಿಯೇ ಮೊದಲ ನೂರು ವರ್ಷ ಓಡಿದ ಆಟ ಆಮೇಲೆ ತೆವಳುತ್ತದೆ.

ಉಳಿದ ವಿಚಿತ್ರಗಳನ್ನು ನಾನು ದೂರು ಎನ್ನುವುದಿಲ್ಲ. ಶತ್ರುವಿನ ರಾಜಧಾನಿಯನ್ನೂ ಎಲ್ಲ ಕೋಟೆಗಳನ್ನೂ ಹಿಡಿದು ಕೂತಿದ್ದರೂ ಸಂಧಾನದ ಪುಟದಲ್ಲಿ ನಾಲ್ಕು ಪ್ರಾಂತ್ಯಗಳಿಗಿಂತ ಹೆಚ್ಚು ಕೇಳಲು ಬಿಡದಿರುವುದು, ಅರಬ್ ಕುದುರೆಗಳಿಗಾಗಿ ವಿಜಯನಗರ ಪಶ್ಚಿಮ ಕರಾವಳಿಯ ಬಂದರುಗಳನ್ನು ಎಷ್ಟು ನೆಚ್ಚಿಕೊಂಡಿತ್ತು ಎಂಬುದನ್ನು ಲೆಕ್ಕಿಸದೆ ನಾಣ್ಯ ಎಣಿಸಿದ ಕೂಡಲೇ ಅಶ್ವದಳ ಕೊಡುವುದು, ಯುದ್ಧಕ್ಕೆ ಬರುತ್ತೇನೆಂದ ಮಿತ್ರರಾಜನ ಸೈನ್ಯ ಗಡಿಯಲ್ಲಿ ಅತ್ತಿಂದಿತ್ತ ಓಡಾಡಿಕೊಂಡಿರುವುದು, ಇವೆಲ್ಲ ಆಡುತ್ತಾ ಆಡುತ್ತಾ ಒಗ್ಗಿಹೋಗುತ್ತವೆ. ಸೇವ್ ಹೋಗುವುದು ಹಾಗಲ್ಲ.

ಕಂಪನಿಯ ಸಹಾಯ ವಿಭಾಗಕ್ಕೆ ಕೆಟ್ಟ ಫೈಲನ್ನು ಲಗತ್ತಿಸಿ ಪತ್ರ ಬರೆದೆ. ಹಳೆಯ ಸೇವ್‌ಗಳು ಹೊಸ ಆವೃತ್ತಿಯಲ್ಲಿ ನಡೆಯುತ್ತವೆಂಬ ಭರವಸೆ ಕೊಡಲಾಗುವುದಿಲ್ಲ, ದಯವಿಟ್ಟು ಹೊಸ ಆಟ ಆರಂಭಿಸಿ ಎಂಬ ಉತ್ತರ ಬಂತು. ಈ ಮಾತು ಪ್ಯಾಚ್ ಟಿಪ್ಪಣಿಯಲ್ಲೂ ಇತ್ತು, ಆದರೆ ಉದ್ದುದ್ದ ಪಟ್ಟಿಯ ಕೊನೆಯಲ್ಲಿ, ಅದೂ ಪ್ಯಾಚ್ ಬಂದ ದಿನವೇ ಪ್ರಕಟವಾದ ಟಿಪ್ಪಣಿಯಲ್ಲಿ. ಅಷ್ಟು ಹೊತ್ತಿಗೆ ಅದು ನನ್ನ ಕಂಪ್ಯೂಟರಿಗೆ ಇಳಿದಾಗಿತ್ತು. ಅದೇ ಕಂಪನಿ ಈಗ ಮತ್ತೊಂದು ದೊಡ್ಡ ಪ್ಯಾಚ್ ಬರಲಿದೆಯೆಂದು ಸಾರಿದೆ, ತಾರೀಖು ಹೇಳಿಲ್ಲ. ಅರ್ಧ ಆಡಿದ ಆಟ ಕೈಯಲ್ಲಿರುವವರು ಬೀಟಾಸ್ ವಿಭಾಗಕ್ಕೆ ಹೋಗಿ ಆವೃತ್ತಿ ಆರಿಸಿಕೊಳ್ಳುವ ಕೆಲಸವನ್ನು ಇಂದೇ ಮುಗಿಸಿಕೊಳ್ಳಿ.