ಲ್ಯಾನ್ ಕಾರ್ಡ್ ಚೆನ್ನಾಗಿದೆ, ಜೊತೆಗೆ ಕೊಡೋ ಸಾಫ್ಟ್‌ವೇರ್ ಮಾತ್ರ ಹಾಕ್ಕೋಬೇಡಿ

ಮದರ್‌ಬೋರ್ಡ್‌ನ ಲ್ಯಾನ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಸಿಕ್ಕಿಸೋ ಜಾಗ) ಕೈಕೊಟ್ಟಿತ್ತು, ಹೊಸ ಬೋರ್ಡ್‌ಗೆ ದುಡ್ಡು ಸುರಿಯೋ ಮನಸ್ಸಿಲ್ದೆ ಈ ಗಿಗಾಬಿಟ್ ಕಾರ್ಡ್ ತಗೊಂಡೆ. ಸ್ಪೀಡ್ ಬಗ್ಗೆ ತಕರಾರಿಲ್ಲ, ಹೇಳಿದಷ್ಟು ಕೊಡತ್ತೆ.

ನಂದೊಂದು ಅಭ್ಯಾಸ. ರಾತ್ರಿ ಊಟ ಆದ್ಮೇಲೆ ದಿನದ ಫೋಟೋ, ವಿಡಿಯೋ ಎಲ್ಲಾ ಇನ್ನೊಂದು ಕಂಪ್ಯೂಟರ್‌ಗೆ ಕಾಪಿ ಹಾಕಿ, ಹೆಡ್‌ಫೋನ್ ಏರಿಸ್ಕೊಂಡು, ಆ ಹಸಿರು ಗೆರೆ ಮುಂದೆ ಹೋಗೋದನ್ನ ನೋಡ್ತಾ ಹಾಡು ಕೇಳೋದು. ಕಾರ್ಡ್ ಬಂದ್ಮೇಲೆ ಆ ಸುಖಕ್ಕೇ ಕಲ್ಲು ಬಿತ್ತು. ಕಾಪಿ ಶುರುವಾದ್ರೆ ಸಾಕು ಹಾಡು ಚರಚರ ಅನ್ನೋದು, ಮೌಸ್ ತಡವರಿಸೋದು, ಫ್ಯಾನ್ ಅರಚೋದು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದ್ರೆ ಸಿಪಿಯು ಬರೀ 13%! ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ (ಸಿಪಿಯುನ ಒಂದೊಂದು ಭಾಗದ ಲೆಕ್ಕ ಬೇರೆಬೇರೆ) ಅಂತ ಬದಲಾಯಿಸಿದಾಗ ಗೊತ್ತಾಯ್ತು, ಎಂಟು ಭಾಗದಲ್ಲಿ ಏಳು ಆರಾಮಾಗಿ ಕೂತಿವೆ, ಒಂದು ಮಾತ್ರ 100% ಮುಟ್ಟಿ ಒದ್ದಾಡ್ತಿದೆ, ಎಂಟರಲ್ಲೊಂದು ಅಂದ್ರೆ 12.5% ತಾನೇ, ಅದಕ್ಕೇ ಒಟ್ಟು ಲೆಕ್ಕದಲ್ಲಿ ಏನೂ ಕಾಣ್ತಿರ್ಲಿಲ್ಲ.

ಸಿಪಿಯುನ ತಿಂತಿದ್ದದ್ದು 'ಸಿಸ್ಟಮ್ ಇಂಟರಪ್ಟ್ಸ್'. ಅದು ನಿಜವಾದ ಪ್ರೋಗ್ರಾಮೇ ಅಲ್ಲ, ಹಾರ್ಡ್‌ವೇರ್ ಕರೆದು ಹೇಳೋ ಕೆಲಸಕ್ಕೆ ಸಿಪಿಯು ಎಷ್ಟು ಸಮಯ ಕಳೀತಿದೆ ಅನ್ನೋದರ ಲೆಕ್ಕ ಅಷ್ಟೇ, ಎಂಡ್ ಟಾಸ್ಕ್ ಒತ್ತಿ ಪ್ರಯೋಜನ ಇಲ್ಲ, ವೈರಸ್ ಸ್ಕ್ಯಾನ್ ಮಾಡಿದ್ರೂ ಏನೂ ಸಿಗಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಡಿಸೇಬಲ್ ಮಾಡಿದೆ, ಆ ಕ್ಷಣವೇ ಎಲ್ಲಾ ತಣ್ಣಗಾಯ್ತು. ಯಾವ ಡ್ರೈವರ್ (ಹಾರ್ಡ್‌ವೇರ್ ನಡೆಸೋ ಸಾಫ್ಟ್‌ವೇರ್) ತಡ ಮಾಡ್ತಿದೆ ಅಂತ ತೋರಿಸೋ ಲೇಟೆನ್ಸಿಮಾನ್ ಹಾಕಿ ನೋಡಿದ್ರೆ ಪಟ್ಟಿಯ ಮೇಲ್ತುದೀಲಿ ಇದೇ ಕಾರ್ಡ್‌ನ ಡ್ರೈವರ್ ಮತ್ತೆ ವಿಂಡೋಸ್‌ನ ನೆಟ್‌ವರ್ಕ್ ಭಾಗ ಎನ್‌ಡಿಐಎಸ್.

ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಪ್ರಾಪರ್ಟೀಸ್ ತೆಗೆದ್ರೆ, ಅಡ್ವಾನ್ಸ್ಡ್ ಟ್ಯಾಬ್‌ನಲ್ಲಿ 'ಇಂಟರಪ್ಟ್ ಮಾಡರೇಶನ್' ಅನ್ನೋ ಸೆಟ್ಟಿಂಗ್ ಆಫ್ ಆಗಿತ್ತು. ಗಿಗಾಬಿಟ್ ಲೈನ್ ಪೂರ್ತಿ ಓಡಿದ್ರೆ ಸೆಕೆಂಡಿಗೆ ಪೂರ್ತಿ ಗಾತ್ರದ ಸುಮಾರು 81,000 ಪ್ಯಾಕೆಟ್ (ಡೇಟಾದ ತುಂಡು). ಈ ಸೆಟ್ಟಿಂಗ್ ಆನ್ ಇದ್ರೆ ಕಾರ್ಡ್ ಒಂದಷ್ಟು ಪ್ಯಾಕೆಟ್ ಗುಡ್ಡೆ ಹಾಕ್ಕೊಂಡು ಸಿಪಿಯುನ ಒಂದ್ಸಲ ಕರೆಯತ್ತೆ, ಆಫ್ ಇದ್ರೆ ಒಂದೊಂದಕ್ಕೂ ಬಾಗಿಲು ಬಡಿಯೋ ನೆಂಟನ ಥರ. ಆನ್ ಮಾಡಿದೆ, ಸರಿಹೋಯ್ತು. ರೀಸ್ಟಾರ್ಟ್ ಆದ್ಮೇಲೆ ಮತ್ತೆ ಆಫ್! ಯಾರ ಕೆಲಸ ಅಂದ್ರೆ ಕಂಪನಿಯವರ ಆ 'ಗೇಮ್ ಬೂಸ್ಟ್' ಸಾಫ್ಟ್‌ವೇರ್, ಲೇಟೆನ್ಸಿ (ತಡ) ಕಮ್ಮಿ ಮಾಡ್ತೀನಿ ಅಂತ ಪ್ರತಿ ಬೂಟ್‌ಗೂ ಅದನ್ನ ಆಫ್ ಮಾಡ್ತಿತ್ತು, ಕೇಳೋದೂ ಇಲ್ಲ ಹೇಳೋದೂ ಇಲ್ಲ. ಅದನ್ನ ಕಿತ್ತು ಹಾಕಿ, ಸೆಟ್ಟಿಂಗ್ ಮತ್ತೆ ಕೈಯಿಂದಲೇ ಆನ್ ಮಾಡಿದೆ (ಸಾಫ್ಟ್‌ವೇರ್ ಹೋದ್ರೂ ಸೆಟ್ಟಿಂಗ್ ತಾನಾಗೇ ವಾಪಸ್ ಬರಲಿಲ್ಲ, ಗಮನಿಸಿ). ಆಮೇಲಿಂದ ಕಿರಿಕಿರಿ ಇಲ್ಲ. ಗೇಮ್ ಆಡೋರು ಹೆದರಬೇಡಿ, ಅದು ಆನ್ ಇದ್ದಾಗ ಆಗೋ ತಡ ಮೈಕ್ರೋಸೆಕೆಂಡ್ ಲೆಕ್ಕದ್ದು, ನನಗಂತೂ ಆಡುವಾಗ ವ್ಯತ್ಯಾಸವೇ ಕಾಣಲಿಲ್ಲ.

ಬೈಯೋಕೆ ಅಂತಲೇ ಒಂದು ಸ್ಟಾರ್ ಕೊಡೋಣ ಅಂತಿದ್ದೆ, ಈಗ ಕಾರ್ಡ್ ಮೇಲೆ ಸಿಟ್ಟಿಲ್ಲ, ಬಿಸಿಯೂ ಆಗಲ್ಲ, ಲಿಂಕ್ ಒಂದ್ಸಲವೂ ಬಿದ್ದಿಲ್ಲ. ಮೂರು ಸ್ಟಾರ್. ಕಮ್ಮಿ ಬಜೆಟ್‌ನೋರು ತಗೊಳ್ಳಿ, ಡ್ರೈವರ್ ಅಪ್‌ಡೇಟ್ ಆದಾಗೆಲ್ಲಾ ಆ ಅಡ್ವಾನ್ಸ್ಡ್ ಟ್ಯಾಬ್ ಒಮ್ಮೆ ತೆಗೆದು ನೋಡ್ಕೊಳ್ಳಿ.